ಹಳೆಯ ಗಾಲ್ಫ್ ದಿಗ್ಗಜರ ಸ್ವಿಂಗನ್ನು ವಿಜ್ಞಾನ ಬಿಡಿಸಬಲ್ಲುದೇ? ಮತ್ತೆ ಮತ್ತೆ ಕೇಳುವವರಿಗೆ ನನ್ನ ಉತ್ತರ

"ಬೆನ್ ಹೋಗನ್ ಸ್ವಿಂಗಿನ ರಹಸ್ಯ ಏನು ಅಂತ ಈಗಿನ ವಿಜ್ಞಾನಕ್ಕೆ ಗೊತ್ತಾಗಿದೆಯಾ?"

ಗಾಲ್ಫ್ ಆಡುವವರೂ ಕೇಳುತ್ತಾರೆ, ಆಡದವರೂ ಕೇಳುತ್ತಾರೆ. ಹೆಸರು ಮಾತ್ರ ಬದಲಾಗುತ್ತದೆ. ಒಂದು ದಿನ ಹೋಗನ್, ಇನ್ನೊಂದು ದಿನ ಬಾಬಿ ಜೋನ್ಸ್, ಮತ್ತೊಂದು ದಿನ ಸ್ಯಾಮ್ ಸ್ನೀಡ್ ಅಥವಾ ಜ್ಯಾಕ್ ನಿಕ್ಲಾಸ್. ಎಲ್ಲರೂ ಅಮೆರಿಕದ ಗಾಲ್ಫ್ ದಿಗ್ಗಜರು; ಸ್ವಿಂಗ್ ಎಂದರೆ ಅವರು ಕೋಲು ಬೀಸುತ್ತಿದ್ದ ಬಗೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ. ಉತ್ತರ ಚಿಕ್ಕದು. ಚೆಂಡಿಗೆ ಏನಾಯಿತು ಎಂಬುದನ್ನು ವಿಜ್ಞಾನ ಚೆನ್ನಾಗಿಯೇ ವಿವರಿಸುತ್ತದೆ. ಕ್ಲಬ್ಬಿಗೆ, ಅಂದರೆ ಹೊಡೆಯುವ ಕೋಲಿಗೆ, ಏನಾಯಿತು ಎಂಬುದನ್ನು ಬಹುಮಟ್ಟಿಗೆ ವಿವರಿಸುತ್ತದೆ. ಆ ಮನುಷ್ಯ ತನ್ನ ಯಾವ ಸ್ನಾಯುವಿನಿಂದ ಎಷ್ಟು ಎಳೆದ, ಎಷ್ಟು ತಳ್ಳಿದ ಎಂಬುದನ್ನು ಮಾತ್ರ ಹಳೆಯ ಫಿಲ್ಮಿನಿಂದ ಹೊರತೆಗೆಯಲು ಆಗುವುದಿಲ್ಲ. ನಾಳೆ ಇನ್ನೂ ಜಾಣ ಕಂಪ್ಯೂಟರ್ ಬಂದರೂ ಆಗುವುದಿಲ್ಲ, ಏಕೆಂದರೆ ಆ ಮಾಹಿತಿ ಫಿಲ್ಮಿನಲ್ಲಿ ಇಲ್ಲವೇ ಇಲ್ಲ.

ಇಷ್ಟು ಹೇಳಿದ ಮೇಲೆ ತಪ್ಪದೆ ಬರುವ ಮರುಪ್ರಶ್ನೆಯೇ ನನಗೆ ನಿಜವಾಗಿ ಕಿರಿಕಿರಿ ಮಾಡುವುದು. "ಹಳೇ ವಿಡಿಯೋನ ಆ್ಯಪ್‌ಗೆ ಹಾಕಿದರೆ ಎಲ್ಲಾ ಗೊತ್ತಾಗಲ್ವಾ?"

ಗೊತ್ತಾಗಲ್ಲ. ಲೆಕ್ಕ ಹಾಕಿ ನೋಡಿ. ಮಾಮೂಲಿ ಸಿನಿಮಾ ಕ್ಯಾಮೆರಾ ಸೆಕೆಂಡಿಗೆ 24 ಫ್ರೇಮ್ ಹಿಡಿಯುತ್ತದೆ. ಒಳ್ಳೆಯ ಆಟಗಾರನ ಡೌನ್‌ಸ್ವಿಂಗ್ ಮುಗಿಯುವುದು ಸುಮಾರು ಕಾಲು ಸೆಕೆಂಡಿನಲ್ಲಿ. ಅಂದರೆ ಮೇಲಿನಿಂದ ಚೆಂಡಿನವರೆಗೆ ನಿಮ್ಮ ಕೈಗೆ ಸಿಗುವುದು ಆರು ಚಿತ್ರ. ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಬರುವ ಕ್ಲಬ್‌ಹೆಡ್ (ಕ್ಲಬ್ಬಿನ ತುದಿಯ ತಲೆ) ಒಂದು ಫ್ರೇಮಿನಿಂದ ಇನ್ನೊಂದಕ್ಕೆ 1.8 ಮೀಟರಿಗೂ ಹೆಚ್ಚು ಸರಿದಿರುತ್ತದೆ. ಶಟರ್ ತೆರೆದಿರುವ ಅರ್ಧ ಹೊತ್ತಿನಲ್ಲೇ ಸುಮಾರು 90 ಸೆಂಟಿಮೀಟರ್ ಉದ್ದಕ್ಕೆ ಅದು ಮಸುಕಾದ ಗೆರೆ ಎಳೆದಿರುತ್ತದೆ. ಚೆಂಡು ಕ್ಲಬ್ಬಿಗೆ ಅಂಟಿಕೊಂಡಿರುವುದು 0.0005 ಸೆಕೆಂಡು. ಎರಡು ಸಲಕ್ಕೊಮ್ಮೆ ಶಟರ್ ಮುಚ್ಚಿರುವಾಗಲೇ ಆ ಕ್ಷಣ ಕಳೆದುಹೋಗಿರುತ್ತದೆ. ಉಳಿದ ಸಲ ಆ ಮಸುಕಿನೊಳಗೆ ಕ್ಲಬ್‌ಫೇಸ್, ಅಂದರೆ ಚೆಂಡಿಗೆ ತಾಗುವ ಮುಖ, ಎಷ್ಟು ಡಿಗ್ರಿ ತೆರೆದಿತ್ತು (ಬಲಗೈ ಆಟಗಾರನಿಗೆ ಗುರಿಯಿಂದ ಬಲಕ್ಕೆ ತಿರುಗಿತ್ತು) ಎಂದು ಯಾರು ಹೇಳಬಲ್ಲರು?

ಸ್ಥಾನದಿಂದ ಬಲಕ್ಕೆ ಹೋಗುವ ದಾರಿ ಇನ್ನೂ ಕಷ್ಟದ್ದು. ಕೈ ಎಲ್ಲಿತ್ತು ಎಂಬುದರಿಂದ ವೇಗ, ವೇಗದಿಂದ ವೇಗೋತ್ಕರ್ಷ, ಅದರಿಂದ ಬಲ. ಪ್ರತಿ ಮೆಟ್ಟಿಲಿನಲ್ಲೂ ತಪ್ಪು ಊದಿಕೊಳ್ಳುತ್ತದೆ. 24 ಫ್ರೇಮಿನ ಫಿಲ್ಮಿನಲ್ಲಿ ಒಂದೇ ಒಂದು ಚುಕ್ಕೆಯನ್ನು 1 ಸೆಂಟಿಮೀಟರ್ ಆಚೀಚೆ ಗುರುತಿಸಿದರೆ ಸಾಕು, ಆ ಫ್ರೇಮಿನ ವೇಗೋತ್ಕರ್ಷದಲ್ಲಿ 11 ಮೀ/ಸೆ²ಗಿಂತ ಹೆಚ್ಚು ತಪ್ಪು ನುಸುಳುತ್ತದೆ. ಭೂಮಿಯ ಗುರುತ್ವವೇ 9.8. ಸಡಿಲ ಉಣ್ಣೆ ಸ್ವೆಟರ್ ತೊಟ್ಟ ಮನುಷ್ಯನ ಭುಜದ ಕೀಲು ಎಲ್ಲಿದೆ ಎಂದು ಮಸುಕು ಚಿತ್ರದಲ್ಲಿ 1 ಸೆಂಟಿಮೀಟರ್ ಒಳಗೆ ಗುರುತಿಸುವುದು ಆಗದ ಮಾತು.

ನಿಧಾನಗತಿಯ ಚಿತ್ರಗಳು ಇಲ್ಲವೇ? ಇವೆ. ಬಾಬಿ ಜೋನ್ಸ್ 1931ರಲ್ಲಿ ವಾರ್ನರ್ ಬ್ರದರ್ಸ್‌ಗಾಗಿ ಮಾಡಿದ ಪಾಠದ ಕಿರುಚಿತ್ರಗಳಲ್ಲಿವೆ, ಅವು ಚಿನ್ನ. ಆದರೂ ಒಂದು ಕೋನದ ಒಂದು ಕ್ಯಾಮೆರಾದಿಂದ ಮೂರು ಆಯಾಮ ಸಿಗುವುದಿಲ್ಲ. ಕ್ಯಾಮೆರಾ ಕೈಯ ಎತ್ತರದಲ್ಲಿರದೆ ಎದೆಯ ಎತ್ತರದಲ್ಲಿದ್ದರೆ, ಒಂದೆರಡು ಅಡಿ ಪಕ್ಕಕ್ಕೆ ಸರಿದಿದ್ದರೆ, ಅದೇ ಸ್ವಿಂಗ್ ಒಮ್ಮೆ ಒಳಗಿನಿಂದ ಬಂದಂತೆ, ಒಮ್ಮೆ ಹೊರಗಿನಿಂದ ಬಂದಂತೆ ಕಾಣುತ್ತದೆ. ಸ್ಥಿರಚಿತ್ರಗಳ ಕಥೆ ಇನ್ನೂ ಕೆಟ್ಟದ್ದು. ಫೋಕಲ್ ಪ್ಲೇನ್ ಶಟರಿನ ಸೀಳು ಚಿತ್ರದ ಮೇಲೆ ಹಾದುಹೋಗುವಷ್ಟರಲ್ಲಿ ಕ್ಲಬ್ ಸರಿದಿರುತ್ತದೆ, ಹಾಗಾಗಿ ಶಾಫ್ಟ್ (ಕ್ಲಬ್ಬಿನ ಉದ್ದನೆಯ ದಂಡ) ಬಿಲ್ಲಿನಂತೆ ಬಾಗಿ ಕಾಣುತ್ತದೆ. ಆ ಬಾಗನ್ನು ತೋರಿಸಿ "ನೋಡಿ ಇವರ ಶಕ್ತಿ" ಎನ್ನುವವರಿದ್ದಾರೆ. ಅದು ಕ್ಯಾಮೆರಾದ ಬಾಗು.

ಇಷ್ಟೆಲ್ಲ ಸರಿಹೋದರೂ ಕೊನೆಯ ಒಂದು ಗೋಡೆ ಉಳಿಯುತ್ತದೆ. ಗ್ರಿಪ್ ಮೇಲೆ ಎರಡು ಕೈ ಇವೆ. ಎರಡು ಭುಜ, ಎರಡು ತೋಳು, ಒಂದು ಹಿಡಿ ಸೇರಿ ಮುಚ್ಚಿದ ಬಳೆ ಆಗುತ್ತದೆ. ಎಡಗೈ ಹೆಚ್ಚು ಎಳೆದು ಬಲಗೈ ಸುಮ್ಮನಿದ್ದರೂ, ಬಲಗೈ ತಳ್ಳಿ ಎಡಗೈ ತಡೆದರೂ, ಕ್ಲಬ್ ಸಾಗುವ ದಾರಿ ಒಂದೇ ಆಗಿರಬಹುದು. ಚಲನೆಯಿಂದ ಗೊತ್ತಾಗುವುದು ಎರಡೂ ಕೈ ಸೇರಿ ಮಾಡಿದ ಒಟ್ಟು ಬಲ ಮಾತ್ರ. ಪಾಲು ತಿಳಿಯಬೇಕಾದರೆ ಹಿಡಿಯೊಳಗೇ ಬಲಮಾಪಕ ಇರಬೇಕು, ಕಾಲಡಿಯಲ್ಲಿ ಫೋರ್ಸ್ ಪ್ಲೇಟ್ (ನೆಲ ಒತ್ತುವ ಬಲ ಅಳೆಯುವ ಹಲಗೆ) ಇರಬೇಕು. ಹೋಗನ್ 1997ರಲ್ಲಿ ತೀರಿಕೊಂಡರು. ಅವರು ಗೆಲ್ಲುತ್ತಿದ್ದ ದಿನಗಳಲ್ಲಿ ಆ ಉಪಕರಣಗಳನ್ನು ಅವರ ಕೈಗೆ, ಕಾಲಿಗೆ ಯಾರೂ ಕಟ್ಟಲಿಲ್ಲ.

ಹಾಗಾದರೆ ವಿಜ್ಞಾನದಿಂದ ಏನೂ ಬಂದಿಲ್ಲ ಅಂದುಕೊಳ್ಳಬೇಡಿ. ತುಂಬಾ ಬಂದಿದೆ. 1967ರಲ್ಲಿ ಡಿ. ವಿಲಿಯಮ್ಸ್ ಎಂಬವರು ಮಿಂಚುದೀಪದ ಬೆಳಕಿನಲ್ಲಿ ತೆಗೆದ ಬಾಬಿ ಜೋನ್ಸ್ ಸ್ವಿಂಗಿನ ಚಿತ್ರವನ್ನು ಅಳೆದು ಲೆಕ್ಕ ಮಾಡಿದರು. ಮರುವರ್ಷ ಬ್ರಿಟನ್ನಿನಲ್ಲಿ ಕಾಕ್ರನ್ ಮತ್ತು ಸ್ಟಾಬ್ಸ್ ಸ್ವಿಂಗನ್ನು ಎರಡು ಕೋಲಿನ ಮಾದರಿಯಾಗಿ ವಿವರಿಸಿದರು. ತೋಳು ಒಂದು ಕೋಲು, ಕ್ಲಬ್ ಇನ್ನೊಂದು, ನಡುವೆ ಮಣಿಕಟ್ಟು ಕೀಲು. ಜೋಳದ ಹೊಲದಲ್ಲಿ ಹಕ್ಕಿ ಓಡಿಸುವ ಕವಣೆಯನ್ನು ನೆನೆಸಿಕೊಳ್ಳಿ. ಕೈ ನಿಧಾನವಾಗುತ್ತಿದ್ದ ಹಾಗೆ ಕಲ್ಲಿನ ವೇಗ ಏರುತ್ತದೆ. ಇಲ್ಲೂ ಹಾಗೇ. ಕೆಳಗೆ ಬರುವಾಗ ಮಣಿಕಟ್ಟನ್ನು ಜೋರಾಗಿ ಬಿಚ್ಚಬೇಕಿಲ್ಲ, ಬೇಗ ಬಿಚ್ಚದಿದ್ದರೆ ಸಾಕು. 200 ಗ್ರಾಂ ಕ್ಲಬ್‌ಹೆಡ್ ಆ ವೇಗದಲ್ಲಿ ಹೊರಕ್ಕೆ ಎಳೆಯುವ ಬಲ ಕಡಿಮೆಯೆಂದರೂ 25 ಕಿಲೋ ತೂಕದಷ್ಟಿರುತ್ತದೆ. ಮಣಿಕಟ್ಟು ತಾನೇ ಬಿಚ್ಚಿಕೊಳ್ಳುತ್ತದೆ. ಸ್ನೀಡ್ ಇಳಿಯುವಾಗ ಎರಡೂ ಮಂಡಿ ಅಗಲಿಸಿ ಕೂತಂತೆ ಮಾಡಿ ಆಮೇಲೆ ನೆಲ ತಳ್ಳುತ್ತಿದ್ದುದಕ್ಕೂ ಇವತ್ತು ಫೋರ್ಸ್ ಪ್ಲೇಟಿನ ವಿವರಣೆ ಇದೆ. ನೆಲವನ್ನು ಒತ್ತುವ ಬಲದ ಶಿಖರ ಚೆಂಡಿಗೆ ಬಡಿಯುವ ಹೊತ್ತಿಗಲ್ಲ, ಅದಕ್ಕೆ ಮೊದಲೇ ಬಂದು ಹೋಗಿರಬೇಕು. ತಡವಾಗಿ ಜಿಗಿದರೆ ಚೆಂಡಿನ ನೆತ್ತಿಗೆ ಬಡಿಯುತ್ತೀರಿ, ಅಷ್ಟೇ. ಸ್ನೀಡ್ 52ನೇ ವಯಸ್ಸಿನಲ್ಲಿ, 1965ರಲ್ಲಿ, ಗ್ರೀನ್ಸ್‌ಬರೋ ಪಂದ್ಯಾವಳಿ ಗೆದ್ದರು.

ಎಲ್ಲಕ್ಕಿಂತ ದೊಡ್ಡ ತಿದ್ದುಪಡಿ ಚೆಂಡಿನ ದಿಕ್ಕಿನದು. ನಿಕ್ಲಾಸ್ ಕಾಲದ ಹೆಚ್ಚಿನ ಪಾಠಗಳು ಹೇಳುತ್ತಿದ್ದುದು ಒಂದೇ: ಚೆಂಡು ಕ್ಲಬ್ ಸಾಗಿದ ದಾರಿಯಲ್ಲಿ ಹೊರಡುತ್ತದೆ, ಕ್ಲಬ್‌ಫೇಸ್ ನೋಡುವ ಕಡೆ ತಿರುಗುತ್ತದೆ. ಚೆಂಡಿನ ಹಾರಾಟ ಅಳೆಯುವ ರಾಡಾರ್ ಬಂದ ಮೇಲೆ ಇದು ತಿರುಗುಮುರುಗಾಯಿತು. ಡ್ರೈವರಿನಲ್ಲಿ (ಅತಿ ದೂರ ಹೊಡೆಯುವ ಕ್ಲಬ್) ಹೊರಡುವ ದಿಕ್ಕಿನ ನೂರಕ್ಕೆ ಸುಮಾರು 85 ಪಾಲು, ಐರನ್‌ನಲ್ಲಿ (ತೆಳು ಲೋಹದ ತಲೆಯ ಕ್ಲಬ್) ಸುಮಾರು 75 ಪಾಲು ಫೇಸಿನದೇ. ಬಾಗುವುದು ಫೇಸ್ ಮತ್ತು ದಾರಿಯ ನಡುವಿನ ಅಂತರದಿಂದ. ಆ ದಿಗ್ಗಜರು ತಪ್ಪು ನಿಯಮ ಕಲಿತು ಸರಿಯಾದ ಹೊಡೆತ ಹೊಡೆಯುತ್ತಿದ್ದರು. ಚೆಂಡು ಹಾರಿದ್ದನ್ನು ನೋಡಿ ನೋಡಿ ಕೈ ತಾನೇ ತಿದ್ದಿಕೊಂಡಿತ್ತು, ಬಾಯಿ ಹಳೆಯ ಪಾಠ ಒಪ್ಪಿಸುತ್ತಿತ್ತು. ಆದ್ದರಿಂದ "ಅವರೇ ಪುಸ್ತಕದಲ್ಲಿ ಬರೆದಿದ್ದಾರಲ್ಲ" ಎಂಬ ವಾದವನ್ನು ನನ್ನ ಮುಂದೆ ತರಬೇಡಿ. ಅವರು ಬರೆದದ್ದು ಅವರಿಗೆ ಅನ್ನಿಸಿದ್ದನ್ನು. ಅನ್ನಿಸಿದ್ದು ಸುಳ್ಳಲ್ಲ, ಆದರೆ ಅಳತೆಯೂ ಅಲ್ಲ.

"ಹಾಗಾದರೆ ಅವರೆಲ್ಲ ತಪ್ಪು ಆಡುತ್ತಿದ್ದರಾ?" ಎಂದೂ ಕೇಳುತ್ತಾರೆ. ಇಲ್ಲ ಸ್ವಾಮಿ. ನೀವು ಕೇಳಬೇಕಾದ ಪ್ರಶ್ನೆ ಬೇರೆ ಇದೆ, ಅದನ್ನು ಯಾರೂ ಕೇಳುವುದಿಲ್ಲ: ಅವರ ಕೈಯಲ್ಲಿ ಯಾವ ಕೋಲಿತ್ತು? ಮುಂದೆ ಯಾವ ಚೆಂಡಿತ್ತು? ಆ ಸ್ವಿಂಗ್ ಯಾವ ತೊಂದರೆಗೆ ಪರಿಹಾರವಾಗಿತ್ತು?

ಜೋನ್ಸ್ 1930ರಲ್ಲಿ ಒಂದೇ ವರ್ಷ ನಾಲ್ಕು ದೊಡ್ಡ ಪಂದ್ಯಾವಳಿ ಗೆದ್ದದ್ದು ಹಿಕರಿ ಮರದ ಶಾಫ್ಟಿನಿಂದ. ಉಕ್ಕಿನ ಶಾಫ್ಟಿಗೆ ಅಮೆರಿಕದಲ್ಲಿ 1924ರಲ್ಲಿ, ಬ್ರಿಟನ್ನಿನಲ್ಲಿ 1929ರಲ್ಲಿ ಒಪ್ಪಿಗೆ ಸಿಕ್ಕಿತ್ತು, ಆದರೂ ಅವರ ಚೀಲದಲ್ಲಿ ಮರವೇ ಇತ್ತು. ಮರದ ಕೋಲು ಬಾಗುವುದು ದೊಡ್ಡ ತೊಂದರೆಯಲ್ಲ, ತಿರುಚಿಕೊಳ್ಳುವುದು ತೊಂದರೆ. ಕ್ಲಬ್‌ಹೆಡ್‌ನ ತೂಕದ ಕೇಂದ್ರ ಶಾಫ್ಟಿನ ನೇರಕ್ಕೆ ಇರುವುದಿಲ್ಲ, ಪಕ್ಕಕ್ಕಿರುತ್ತದೆ. ಮೇಲಿನಿಂದ ಜಗ್ಗಿ ಎಳೆದರೆ ತಲೆ ಹಿಂದುಳಿಯುತ್ತದೆ, ಹಿಂದುಳಿಯುವಾಗ ಕೋಲು ತಿರುಚಿ ಫೇಸ್ ತೆರೆದುಕೊಳ್ಳುತ್ತದೆ. ಎಷ್ಟು ತೆರೆಯುತ್ತದೆ ಎಂಬುದು ಮರದ ಎಳೆಯ ಮೇಲೆ ಹೋಗುತ್ತದೆ, ಒಂದು ಕೋಲಿನಂತೆ ಇನ್ನೊಂದಿಲ್ಲ. ಮಳೆಗೆ ಉಬ್ಬುತ್ತದೆ, ಒಣ ಹವೆಗೆ ಕುಗ್ಗಿ ಸೇರುವೆ ಸಡಿಲವಾಗುತ್ತದೆ. ಈಗ ಜೋನ್ಸ್ ಫಿಲ್ಮು ನೋಡಿ. ಪಾದ ಹತ್ತಿರ ಹತ್ತಿರ. ಕೈ ಮೊದಲು ಹೊರಟು ಕ್ಲಬ್‌ಹೆಡ್ ಹಿಂದೆ ಎಳೆದುಕೊಂಡು ಬರುತ್ತದೆ. ಸೊಂಟ ಪೂರ್ತಿ ತಿರುಗಿ ಎಡ ಹಿಮ್ಮಡಿ ನೆಲ ಬಿಟ್ಟು ಏಳುತ್ತದೆ. ಮೇಲೆ ಹೋದ ಕ್ಲಬ್ ಜೋಲಿಯಂತೆ ತಿರುಗಿ ಕೆಳಗಿಳಿಯುತ್ತದೆ, ಎಲ್ಲೂ ಜಗ್ಗಾಟವಿಲ್ಲ. ನೋಡುವವರು ಅದನ್ನು ಸೊಬಗು ಎನ್ನುತ್ತಾರೆ. ತಿರುಚುವ ಕೋಲನ್ನು ತಿರುಚದಂತೆ ಬಳಸುವ ದಾರಿ ಅದು. ಆ ಸೊಬಗನ್ನು ಇವತ್ತಿನ ಕಾರ್ಬನ್ ಶಾಫ್ಟಿನಿಂದ ನಕಲು ಮಾಡಿದರೆ ಕೈಯಾಟ ಅತಿಯಾಗಿ ಫೇಸ್ ಮುಚ್ಚಿಕೊಂಡು ಚೆಂಡು ಎಡಕ್ಕೆ ಓಡುತ್ತದೆ.

ಉಕ್ಕು ಬಂದ ಕಾಲದ ಆಟಗಾರರಿಗೆ ಆದದ್ದೂ ಇದೇ. ಹಿಕರಿಯಲ್ಲಿ ಕಲಿತ ಕೈ, ತಿರುಚದ ಉಕ್ಕು: ಫಲ ಹುಕ್, ಅಂದರೆ ಚೆಂಡು ಅತಿಯಾಗಿ ಎಡಕ್ಕೆ ಬಾಗುವುದು. ಬೈರನ್ ನೆಲ್ಸನ್ ಕೈಯಾಟ ಕಡಿಮೆ ಮಾಡಿ ಕಾಲಿಗೆ ಕೆಲಸ ಕೊಟ್ಟರು, 1945ರಲ್ಲಿ ಸತತ 11 ಪಂದ್ಯಾವಳಿ ಗೆದ್ದರು. ಕ್ಲಬ್, ಚೆಂಡು ಪರೀಕ್ಷಿಸುವ ಯಂತ್ರಕ್ಕೆ ಅವರದೇ ಹೆಸರಿಟ್ಟು "ಐರನ್ ಬೈರನ್" ಎಂದರು. ಆ ಯಂತ್ರಕ್ಕಿರುವುದು ಒಂದು ತೋಳು, ಒಂದು ಮಣಿಕಟ್ಟು. ಕಾಲೇ ಇಲ್ಲ. ನೆಲ್ಸನ್ ಆಟದ ಜೀವಾಳವೇ ಕಾಲು!

ಹೋಗನ್‌ಗೂ ಹುಕ್ ಕಾಟ, ಅದೂ ವರ್ಷಗಟ್ಟಲೆ. ಫೇಸ್ ಚೆಂಡಿನ ಹತ್ತಿರ ಬರುವಾಗ ಸೆಕೆಂಡಿಗೆ 2,000 ಡಿಗ್ರಿಗೂ ಹೆಚ್ಚು ವೇಗದಲ್ಲಿ ಮುಚ್ಚುತ್ತಿರುತ್ತದೆ. ಒಂದು ಮಿಲಿಸೆಕೆಂಡ್ ಹೆಚ್ಚುಕಮ್ಮಿಯಾದರೆ 2 ಡಿಗ್ರಿ. 230 ಮೀಟರ್ ಹೊಡೆತದಲ್ಲಿ ಅದು ಸುಮಾರು 7 ಮೀಟರ್, ಬಾಗುವಿಕೆ ಬೇರೆ. 1955ರಲ್ಲಿ ಅವರು ಲೈಫ್ ಪತ್ರಿಕೆಯಲ್ಲಿ ತಮ್ಮ "ರಹಸ್ಯ" ಹೇಳಿದರು. ಎಡ ಹೆಬ್ಬೆರಳನ್ನು ಸುಮಾರು ಅರ್ಧ ಇಂಚು ಎಡಕ್ಕೆ ಸರಿಸಿ ಶಾಫ್ಟಿನ ನೆತ್ತಿಯ ಮೇಲಿಡುವುದು, ಬ್ಯಾಕ್‌ಸ್ವಿಂಗಿನ (ಕ್ಲಬ್ ಹಿಂದಕ್ಕೆ ಎತ್ತುವುದರ) ಮೇಲ್ತುದಿಯಲ್ಲಿ ಎಡ ಮಣಿಕಟ್ಟಿನ ಹಿಂಬದಿಯಲ್ಲಿ ಗುಳಿ ಬೀಳುವಂತೆ ಬಾಗಿಸುವುದು. ಎರಡೂ ಫೇಸನ್ನು ತೆರೆದಿಡುತ್ತವೆ. ಆಮೇಲೆ ಎಷ್ಟೇ ಬಿರುಸಾಗಿ ಮುಂಗೈ ತಿರುಗಿಸಿದರೂ ಅದು ಅತಿಯಾಗಿ ಮುಚ್ಚಲು ಹೊತ್ತು ಸಾಲುವುದಿಲ್ಲ. ಇದರಲ್ಲಿ ವಿಜ್ಞಾನಕ್ಕೆ ಒಗಟೇ ಇಲ್ಲ.

ಅಂದಹಾಗೆ, ಯಾವ ಹೋಗನ್? ಅಪಘಾತಕ್ಕೆ ಮುಂಚಿನವರೋ, ಆಮೇಲಿನವರೋ? 1949ರ ಫೆಬ್ರವರಿ 2ರಂದು ಟೆಕ್ಸಸ್‌ನಲ್ಲಿ ಅವರ ಕಾರಿಗೆ ಬಸ್ಸು ಬಡಿಯಿತು. ಸೊಂಟದ ಮೂಳೆ, ಕೊರಳ ಮೂಳೆ, ಎಡ ಪಾದದ ಕೀಲು ಮುರಿದವು. ಅವರ ಒಂಬತ್ತು ಮೇಜರ್ (ಅತಿ ದೊಡ್ಡ ಪಂದ್ಯಾವಳಿ) ಗೆಲುವುಗಳಲ್ಲಿ ಆರು ಬಂದದ್ದು ಇದಾದ ಮೇಲೆ. ಎಲ್ಲರೂ ಗೋಡೆಗೆ ತೂಗುಹಾಕುವ ಮೆರಿಯನ್ ಮೈದಾನದ ಚಿತ್ರ, 1950ರ ಯುಎಸ್ ಓಪನ್‌ನಲ್ಲಿ 1 ನಂಬರ್ ಐರನ್ ಹೊಡೆದು ನಿಂತದ್ದು, ಚೆಂಡು ಹೋದ ಮೇಲಿನ ಚಿತ್ರ. ಆ ನಿಲುವಿನ ಮುಂದೆ ನನಗೂ ಕೈಮುಗಿಯಬೇಕು ಅನ್ನಿಸುತ್ತದೆ. ಸ್ವಿಂಗ್ ಮಾತ್ರ ಅದರಲ್ಲಿಲ್ಲ.

ಈಗ ನಿಮ್ಮ ವಿಷಯ. ಈ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ಸ್ಲೈಸ್, ಅಂದರೆ ಬಲಕ್ಕೆ ಬಾಗುವ ಚೆಂಡು, ಹೊಡೆಯುವವರು. ಹುಕ್‌ಗೆ ಹೋಗನ್ ಕಂಡುಕೊಂಡ ಮದ್ದನ್ನು ಅವರು ಸ್ಲೈಸಿಗೆ ಕುಡಿಯುತ್ತಾರೆ, ಚೆಂಡು ಇನ್ನೂ ಬಲಕ್ಕೆ ಹೋಗುತ್ತದೆ, ಆಮೇಲೆ "ರಹಸ್ಯ ಇನ್ನೂ ಏನೋ ಇದೆ" ಎನ್ನುತ್ತಾರೆ. ಬಲಗೈ ಆಟಗಾರರಿಗೆ ಹೇಳುತ್ತೇನೆ, ಮೊದಲು ಇದು ಮಾಡಿ. 7 ನಂಬರ್ ಐರನ್ ತೆಗೆದುಕೊಳ್ಳಿ. ಡ್ರೈವರ್ ಬೇಡ, ಅದರಲ್ಲಿ ತುದಿಗೆ ಅಥವಾ ಬುಡಕ್ಕೆ ಬಡಿದರೂ ಚೆಂಡು ಬಾಗುತ್ತದೆ, ಕಾರಣ ಬೇರೆಯಾಗುತ್ತದೆ. ಗುರಿಯ ನೇರಕ್ಕೆ ನೆಲದ ಮೇಲೆ ಒಂದು ಕೋಲು ಇಡಿ. ಫೇಸಿಗೆ ತೆಳುವಾಗಿ ಪೌಡರ್ ಹಚ್ಚಿ, ನಡುವಿಗೆ ಬಡಿದ ಹೊಡೆತಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಅಂಥ ಹತ್ತು ಹೊಡೆತಕ್ಕೆ ಎರಡು ವಿಷಯ ಬೇರೆ ಬೇರೆ ಬರೆದುಕೊಳ್ಳಿ: ಚೆಂಡು ಕೋಲಿನ ಯಾವ ಪಕ್ಕಕ್ಕೆ ಹೊರಟಿತು, ಆಮೇಲೆ ಯಾವ ಕಡೆ ಬಾಗಿತು. ಹೆಚ್ಚಿನವು ಎಡಕ್ಕೆ ಬಾಗಿದ್ದರೆ ಎಡ ಹೆಬ್ಬೆರಳನ್ನು ಕಾಲು ಇಂಚು ಎಡಕ್ಕೆ ಸರಿಸಿ ಇನ್ನೂ ಹತ್ತು ಹೊಡೆಯಿರಿ, ಸಾಲದಿದ್ದರೆ ಇನ್ನೊಂದು ಕಾಲು ಇಂಚು. ಮಣಿಕಟ್ಟಿನ ಗುಳಿಯನ್ನು ಅದೇ ದಿನ ಸೇರಿಸಬೇಡಿ, ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಬಲಕ್ಕೆ ಬಾಗಿದ್ದರೆ ಹೆಬ್ಬೆರಳನ್ನು ಬಲಕ್ಕೆ ಸರಿಸಿ, ಕೆಳಗೆ ನೋಡಿದಾಗ ಎಡಗೈಯ ಎರಡು ಗೆಣ್ಣು ಕಾಣುತ್ತಿದ್ದರೆ ಮೂರು ಕಾಣುವಂತೆ ಹಿಡಿಯಿರಿ.