ಹತ್ತಡಿಯೋ, ಹದಿನಾಲ್ಕಡಿಯೋ

ಹೊನ್ನಾವರದ ಹತ್ತಿರ, ಶರಾವತಿ ದಂಡೆಯ ರೆಸಾರ್ಟೊಂದರಲ್ಲಿ ದೋಣಿಗಳ ಉಸ್ತುವಾರಿ ನನ್ನದು. ಅತಿಥಿಗಳಿಗಾಗಿ ಕಯಾಕ್, ಅಂದರೆ ಕೂತು ಹುಟ್ಟು ಹಾಕುವ ಕಿರುದೋಣಿ, ಕೊಳ್ಳುವುದೆಂದು ತೀರ್ಮಾನವಾದಾಗ ಮಾರಾಟದವರು ಎರಡನ್ನು ತಂದು ಪರೀಕ್ಷೆಗೆಂದು ಒಂದು ವಾರ ಬಿಟ್ಟುಹೋದರು. ಒಂದು ಹತ್ತಡಿಯದು, ಒಬ್ಬರಿಗೆ. ಇನ್ನೊಂದು ಹದಿನಾಲ್ಕಡಿಯದು, ಇಬ್ಬರಿಗೆ. ಕೊಳ್ಳಬೇಕಾದದ್ದು ಒಂದೇ ಬಗೆಯದನ್ನು.

ಮೊದಲ ದಿನ ಬೆಳಗ್ಗೆ ಏಳಕ್ಕೆ ಎರಡನ್ನೂ ನೀರಿಗಿಳಿಸಿದೆ. ಭರತದ ಹೊತ್ತು, ಅಂದರೆ ಕಡಲೇರಿ ಹೊಳೆ ತುಂಬಿದ ಹೊತ್ತು. ಗಾಳಿ ಇಲ್ಲ, ನೀರು ಕನ್ನಡಿ. ಉದ್ದದ್ದು ಗೆರೆ ಎಳೆದಂತೆ ಹೋಯಿತು. ಗಿಡ್ಡದ್ದು ಹುಟ್ಟು ಹಾಕಿದಾಗಲೆಲ್ಲ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೂತಿ ತಿರುಗಿಸುತ್ತಿತ್ತು. ದೋಣಿಯ ವೇಗದ ಮಿತಿ ನೀರಿಗೆ ತಾಗುವ ಉದ್ದದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ, ಹಾಗಾಗಿ ಉದ್ದದ್ದು ಸುಮಾರು ಶೇ. 18ರಷ್ಟು ಮೇಲು ಎಂದು ಟಿಪ್ಪಣಿಯಲ್ಲಿ ಲೆಕ್ಕ ಬೇರೆ ಬರೆದೆ. ಮಿಂಚುಳ್ಳಿ ಕಂಡಲ್ಲೆಲ್ಲ ಹುಟ್ಟು ಮಡಿಲಲ್ಲಿಟ್ಟು ಮೊಬೈಲ್ ತೆಗೆಯುವ ಅತಿಥಿಗಳು ಯಾವ ಮಿತಿಯ ಹತ್ತಿರಕ್ಕೂ ಹೋಗುವವರಲ್ಲ ಎಂಬುದು ಆಗ ಹೊಳೆಯಲಿಲ್ಲ.

ನಮ್ಮಲ್ಲಿ ಕೆಲಸಕ್ಕಿರುವ ಹಿರಿಯ ಅಂಬಿಗರೊಬ್ಬರು ಕೇಳಿದ್ದು ಒಂದೇ ಮಾತು: "ಹೆಗಡೆಯವರೇ, ನೀವು ನೋಡಿದ್ದು ಭರತದಲ್ಲಿ. ನೀರು ಇಳಿದ ದಿನ ಇದನ್ನು ಹೊರುವವರು ಯಾರು?"

ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ವಾರ ಕಳೆದರೆ ಅದೇ ಬೆಳಗಿನ ಏಳಕ್ಕೆ ಸಿಗುವುದು ಇಳಿತ. ವಾರದ ಕೊನೆಯ ದಿನ ಹೋಗಿ ನೋಡಿದರೆ ನಮ್ಮ ಮೆಟ್ಟಿಲ ಬುಡದಲ್ಲಿ ನೀರೇ ಇಲ್ಲ, ಮೊಣಕಾಲುದ್ದ ಕೆಸರು. ಉದ್ದದ್ದನ್ನು ನಾವಿಬ್ಬರು ಹೊತ್ತು ನೀರು ಮುಟ್ಟಿಸುವಷ್ಟರಲ್ಲಿ ನನ್ನ ಒಂದು ಚಪ್ಪಲಿ ಕೆಸರಿನ ಪಾಲಾಯಿತು. ನೀರು ಏರಲು ಕಾದು ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕಿರುಹೊಳೆಗೆ ನುಗ್ಗಿದೆವು. ಕಮಾನಿನಂತೆ ನೀರಿಗಿಳಿದ ಬೇರುಗಳ ನಡುವೆ ಮೂತಿ ಒಂದು ದಡಕ್ಕೆ, ಬಾಲ ಇನ್ನೊಂದು ದಡಕ್ಕೆ ಸಿಕ್ಕಿಕೊಂಡಿತು. ತಿರುಗಿಸಲಾಗದೆ ಬಂದ ದಾರಿಯಲ್ಲೇ ಹಿಮ್ಮುಖವಾಗಿ ಹೊರಬಂದೆವು. ಅತಿಥಿಗಳು ಬರುವುದೇ ಆ ಕಾಡನ್ನು ನೋಡಲು. ಗಿಡ್ಡದ್ದು ಅಲ್ಲಿ ನಿಂತಲ್ಲೇ ತಿರುಗಿತು. ಮೊದಲ ದಿನ ಕಿರಿಕಿರಿ ಮಾಡಿದ ಗುಣವೇ ಇಲ್ಲಿ ಬೇಕಾದದ್ದು.

ಹಾಗೆಂದು ಗಿಡ್ಡದ್ದು ಗೆದ್ದಿತೆನ್ನುವಂತಿಲ್ಲ. ಮಧ್ಯಾಹ್ನ ಮೂರಕ್ಕೆ ಅದರಲ್ಲಿ ನಾನೊಬ್ಬನೇ ಮರಳುತ್ತಿದ್ದೆ. ಪಡುವಣದಿಂದ ಕಡಲಗಾಳಿ ನೇರ ಎದೆಗೆ. ಕಾಲು ಗಂಟೆ ಹುಟ್ಟು ಹಾಕಿದರೂ ದಡದ ಅದೇ ತೆಂಗಿನ ಮರ ಪಕ್ಕದಲ್ಲೇ ನಿಂತಿತ್ತು. ಈಜು ಬಾರದ ಅತಿಥಿಯೊಬ್ಬರು ನನ್ನ ಜಾಗದಲ್ಲಿದ್ದಿದ್ದರೆ ಎಂದು ನೆನೆದು ಕೈ ತಣ್ಣಗಾಯಿತು.

ಟಿಪ್ಪಣಿ ಹರಿದು ಹೊಸದಾಗಿ ಬರೆದೆ. ಗಿಡ್ಡದ್ದೇ ಇರಲಿ, ಆದರೆ ಮಧ್ಯಾಹ್ನ ಹನ್ನೆರಡರ ನಂತರ ಒಂದೂ ನೀರಿನಲ್ಲಿರಬಾರದು. ಬೆಳಗ್ಗೆ ಕಾಡಿನೊಳಗೆ ನೀರಿಲ್ಲದ ದಿನ ಸುತ್ತಾಟವೇ ಇಲ್ಲ. "ಅಂಥ ದಿನ ಬಾಡಿಗೆಯೂ ಇಲ್ಲವಲ್ಲ" ಎಂದು ಮಾಲೀಕರು ಗೊಣಗಿದರು. ಗೊಣಗುತ್ತಲೇ ಸಹಿ ಹಾಕಿದರು. ಈಗ ದೋಣಿಮನೆಯ ಗೋಡೆಯ ಕಪ್ಪು ಹಲಗೆಯ ಮೇಲೆ ದಿನವೂ ಭರತದ ಹೊತ್ತನ್ನು ಸೀಮೆಸುಣ್ಣದಲ್ಲಿ ಬರೆಯುವವರು ಆ ಅಂಬಿಗರೇ. ಅದನ್ನು ನೋಡದೆ ನಾನು ಯಾರಿಗೂ ಹುಟ್ಟು ಕೊಡುವುದಿಲ್ಲ.