ಈರುಳ್ಳಿ ಬಿಟ್ಟು ಕ್ಯಾಲ್ಕುಲೇಟರ್ ಹಿಡಿದೆ

ನಾನು ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುವವಳು. ಸೆಕೆಂಡ್ ಪಿಯುಸಿಯಲ್ಲಿ ಚೈನ್ ರೂಲ್, ಅಂದರೆ ಒಂದು ಲೆಕ್ಕದೊಳಗೆ ಇನ್ನೊಂದು ಲೆಕ್ಕ ಇದ್ದಾಗ ಡೆರಿವೇಟಿವ್ (ಎಕ್ಸ್ ಚೂರು ಜರುಗಿದರೆ ಉತ್ತರ ಅದರ ಎಷ್ಟು ಪಟ್ಟು ಜರುಗುತ್ತೆ ಅನ್ನೋದು) ಕಂಡುಹಿಡಿಯುವ ನಿಯಮ, ಬಂದಾಗಲೆಲ್ಲ ಬೋರ್ಡ್ ಮೇಲೆ ಒಂದು ಈರುಳ್ಳಿ ಬರೆಯುತ್ತಿದ್ದೆ. ಮೊದಲು ಹೊರಗಿನ ಪದರ, ಆಮೇಲೆ ಒಳಗಿನದು, ಎರಡನ್ನೂ ಗುಣಿಸಿ. ಎಲ್ಲರೂ ತಲೆಯಾಡಿಸುತ್ತಿದ್ದರು. ಟೆಸ್ಟ್ ಪೇಪರ್ ತಿದ್ದಲು ಕೂತರೆ, (3ಎಕ್ಸ್ + 1)² ಇದರ ಡೆರಿವೇಟಿವ್ 2(3ಎಕ್ಸ್ + 1) ಅಂತ ಅರ್ಧ ಕ್ಲಾಸ್ ಬರೆದಿರುತ್ತಿತ್ತು.

ತಪ್ಪು ಮಕ್ಕಳದಲ್ಲ, ಈರುಳ್ಳಿಯದು. ಯಾವುದನ್ನು ಮೊದಲು ಸುಲಿಯಬೇಕು ಅಂತ ಅದು ಹೇಳುತ್ತೆ. ಗುಣಿಸೋದು ಯಾಕೆ ಅಂತ ಹೇಳಲ್ಲ. ಸಿಪ್ಪೆಯನ್ನು ಯಾರಾದರೂ ಗುಣಿಸುತ್ತಾರಾ?

ಈ ಸಲ ನನ್ನ ಮೊಬೈಲ್‌ನ ಕ್ಯಾಲ್ಕುಲೇಟರ್ ತೆಗೆದು ಮುಂದಿನ ಬೆಂಚಿಗೆ ಕೊಟ್ಟೆ. ಎಕ್ಸ್ 1 ಇದ್ದಾಗ ಎಷ್ಟು? 4ರ ವರ್ಗ, 16. ಈಗ 1.01 ಹಾಕು. 4.03ರ ವರ್ಗ, 16.2409. ಹೆಚ್ಚಿದ್ದು 0.2409. ಅದನ್ನು 0.01ರಿಂದ ಭಾಗಿಸಿದರೆ 24.09. ಅವರು ಬರೆದ ಉತ್ತರದಲ್ಲಿ ಎಕ್ಸ್ ಜಾಗಕ್ಕೆ 1 ಹಾಕಿದರೆ ಬರೋದು ಬರೀ 8.

"ಮೂರು ಪಟ್ಟು ವ್ಯತ್ಯಾಸ ಇದೆ ಮೇಡಂ," ಅಂದಳು ಒಬ್ಬಳು.

ಆ ಮೂರು ಎಲ್ಲಿಂದ ಬಂತು ಹುಡುಕಿ ಅಂತ ಬಿಟ್ಟೆ. ಸ್ವಲ್ಪ ಹೊತ್ತಿಗೆ ಅವಳೇ ಹೇಳಿದಳು. ಎಕ್ಸ್ 0.01 ಜರುಗಿದರೆ, ಬ್ರಾಕೆಟ್ ಒಳಗಿರೋದು 4ರಿಂದ 4.03ಕ್ಕೆ, ಅಂದರೆ 0.03 ಜರುಗುತ್ತೆ. ಅದನ್ನು ವರ್ಗ ಮತ್ತೆ ಸುಮಾರು 8 ಪಟ್ಟು ಮಾಡುತ್ತೆ. ಮೂರು ಪಟ್ಟಾದದ್ದೇ ಇನ್ನೊಮ್ಮೆ ಎಂಟು ಪಟ್ಟು. ಗುಣಿಸದೆ ಇನ್ನೇನು ಮಾಡೋದು!

ಮಾರನೇ ದಿನ ಹಿಂದಿನ ಬೆಂಚಿನವನೊಬ್ಬ ನನ್ನನ್ನೇ ಸಿಕ್ಕಿಸಿದ. ಸುಮ್ನೆ ಮನೆಯಲ್ಲಿ ಡಿಗ್ರಿ ಇಟ್ಟುಕೊಂಡು ಸೈನ್ ಮಾಡಿ ನೋಡಿದ್ದನಂತೆ. ಸೈನ್ 60 ಡಿಗ್ರಿ 0.8660, ಸೈನ್ 61 ಡಿಗ್ರಿ 0.8746. "ಒಂದು ಡಿಗ್ರಿಗೆ 0.0086 ಮಾತ್ರ ಹೆಚ್ಚಾಗಿದೆ ಮೇಡಂ. ಸೈನ್‌ನ ಡೆರಿವೇಟಿವ್ ಕಾಸ್ ತಾನೆ, ಕಾಸ್ 60 ಅಂದ್ರೆ 0.5 ಬರಬೇಕಿತ್ತಲ್ವಾ?"

ಒಂದು ಕ್ಷಣ ನನಗೂ ತೋಚಲಿಲ್ಲ. ಆಮೇಲೆ ಹೊಳೆಯಿತು. ಸೈನ್‌ನ ಡೆರಿವೇಟಿವ್ ಕಾಸ್ ಆಗೋದು ಕೋನವನ್ನು ರೇಡಿಯನ್‌ನಲ್ಲಿ (ಕೋನ ಅಳೆಯುವ ಇನ್ನೊಂದು ಮಾನ, 180 ಡಿಗ್ರಿ ಅಂದರೆ ಪೈ ರೇಡಿಯನ್) ಅಳೆದಾಗ ಮಾತ್ರ. ಡಿಗ್ರಿಯನ್ನು ಮೊದಲು ರೇಡಿಯನ್‌ಗೆ ಬದಲಿಸಬೇಕು, ಅದೇ ಇಲ್ಲಿ ಕಣ್ಣಿಗೆ ಕಾಣದ ಒಳಗಿನ ಫಂಕ್ಷನ್. ಅದರ ಪಾಲು ಪೈ ಭಾಗಿಸು 180, ಅಂದರೆ 0.01745. ಅದನ್ನು 0.5ಕ್ಕೆ ಗುಣಿಸಿದರೆ 0.0087. ಹೆಚ್ಚುಕಮ್ಮಿ ಸರಿಹೋಯಿತು.

"ಓ, ರೇಡಿಯನ್ ಇದಕ್ಕೇನಾ!" ಅಂದ. ಫಸ್ಟ್ ಪಿಯುಸಿಯಲ್ಲಿ ಇದೇ ಹುಡುಗ, ಡಿಗ್ರಿ ಇರುವಾಗ ರೇಡಿಯನ್ ಯಾಕೆ ಅಂತ ಕೇಳಿದ್ದ. ಸಿಲಬಸ್‌ನಲ್ಲಿದೆ, ಬರ್ಕೋ ಅಂದಿದ್ದೆ.