ಅರ್ಧ ಇಂಜಿನಿನಲ್ಲಿ ಅಳಿವೆ ದಾಟಿದವರು

"ಐಡಲ್ ಒಂಚೂರ್ ಜಾಸ್ತಿ ಮಾಡಿ ಕೊಡಿ, ಸಾಕ್."

ಈ ವಾರ ಗಂಗೊಳ್ಳಿ ದಕ್ಕೆಯ (ದೋಣಿ ನಿಲ್ಲುವ ಕಟ್ಟೆಯ) ಹತ್ತಿರದ ರಿಪೇರಿ ಶೆಡ್ಡಿನಲ್ಲಿ ನಾಡದೋಣಿಯ ಯಜಮಾನರೊಬ್ಬರು ಹೇಳಿದ್ದು ಇಷ್ಟೇ. ಐಡಲ್ ಎಂದರೆ ಥ್ರಾಟಲ್ ಬಿಟ್ಟಾಗ ಇಂಜಿನ್ ನಿಧಾನ ತಿರುಗುವ ವೇಗ. ಇಬ್ಬರು ಹೊತ್ತು ತಂದಿಟ್ಟ ಔಟ್‌ಬೋರ್ಡ್ ಮಿಷನ್ನು (ದೋಣಿಗೆ ಹೊರಗಿನಿಂದ ತಗಲಿಸುವ ಇಂಜಿನ್) 9.9 ಎಚ್‌ಪಿಯದು, ಎರಡು ಸಿಲಿಂಡರಿನ ಟೂ ಸ್ಟ್ರೋಕ್, ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ಹಳೆಯ ಜಾತಿ. ಫುಲ್ ಸ್ಪೀಡಿನಲ್ಲಿ ಯಾವ ತಕರಾರೂ ಇಲ್ಲ. ಸ್ಲೋ ಮಾಡಿ ಗೇರಿಗೆ ಹಾಕಿದರೆ ಎರಡು ಸಲ ಗೊಣಗಿ ನಿಂತುಬಿಡುತ್ತದೆ.

ಮೇಸ್ತ್ರಿ ತಲೆ ಎತ್ತದೆ ಕೇಳಿದ: "ಮುಂಚೆ ಜಾಸ್ತಿ ಮಾಡಿದ್ದ್ ಯಾರ್?"

ಯಜಮಾನರು ಅಳಿಯನ ಕಡೆ ನೋಡಿದರು. ಅಳಿಯ ಮೊಬೈಲ್ ನೋಡಿದ.

ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದಲ್ಲಿ ದೊಡ್ಡ ಬೋಟುಗಳು ದಡ ಸೇರಿದಾಗ ಕಡಲಿಗಿಳಿಯುವುದು 10 ಎಚ್‌ಪಿವರೆಗಿನ ನಾಡದೋಣಿಗಳು ಮಾತ್ರ. ಪಂಚಗಂಗಾವಳಿ ಕಡಲು ಸೇರುವ ಅಳಿವೆಯಲ್ಲಿ ಮಳೆಗಾಲದ ತೆರೆ ಹೇಗಿರುತ್ತದೆಂದು ಕುಂದಾಪುರದವರಿಗೆ ಹೇಳಬೇಕಿಲ್ಲ. ಒಳಗೆ ಬರುವಾಗ ಹೊರಗೇ ಸ್ಲೋ ಮಾಡಿ ಕಾದು, ದೊಡ್ಡ ತೆರೆ ಮುಂದೆ ಹೋದ ಮೇಲೆ ಅದರ ಬೆನ್ನಿಗೇ ಅದೇ ವೇಗದಲ್ಲಿ ಬರಬೇಕು. ಆಗ ಮಿಷನ್ ನಿಂತರೆ ದೋಣಿ ಅಡ್ಡ ತಿರುಗುತ್ತದೆ, ಹಿಂದಿನ ತೆರೆ ಉಳಿದದ್ದನ್ನು ನೋಡಿಕೊಳ್ಳುತ್ತದೆ. "ಫುಲ್ ಸ್ಪೀಡಂಗೆ ಸಮ ಇತ್ತಲ್ದಾ" ಎಂಬ ಸಮಾಧಾನ ಅಲ್ಲಿ ನಡೆಯುವುದಿಲ್ಲ.

ಐಡಲ್ ಸ್ಕ್ರೂ ಏನು ಮಾಡುತ್ತದೆ? ಇಂಜಿನ್ನಿಗೆ ಹೋಗುವ ಗಾಳಿಯನ್ನು ಹಿಡಿದಿಡುವ ಥ್ರಾಟಲ್ ಮುಚ್ಚಳ ಪೂರ್ತಿ ಮುಚ್ಚದಂತೆ ತಡೆಯುತ್ತದೆ, ಅಷ್ಟೆ. ಯಾವ ಕಾಯಿಲೆಗೂ ಅದು ಮದ್ದಲ್ಲ. ನ್ಯೂಟ್ರಲ್‌ನಲ್ಲಿ ಸದ್ದು ಜೋರಾಗುವುದರಿಂದ ಸರಿಯಾಯಿತು ಎನಿಸುತ್ತದೆ. ಗೇರು ಬೀಳುವಾಗ ಮಾತ್ರ ಆ ಜೋರಿನ ಬೆಲೆ ತೆರಬೇಕು. ಔಟ್‌ಬೋರ್ಡಿನಲ್ಲಿ ಕಾರಿನಂತೆ ಜಾರಿ ಹಿಡಿಯುವ ಕ್ಲಚ್ ಇಲ್ಲ. ಡಾಗ್ ಕ್ಲಚ್ಚಿನ ಹಲ್ಲು ತಿರುಗುತ್ತಿರುವ ಗೇರಿನ ಹಲ್ಲಿಗೆ ನೇರವಾಗಿ ಹೋಗಿ ಕಚ್ಚುತ್ತದೆ. ಐಡಲ್ ಏರಿಸಿದಷ್ಟೂ ಆ ಹೊಡೆತ ಜೋರು, ಹಲ್ಲಿನ ಮೂಲೆ ಬೇಗ ದುಂಡಗಾಗುತ್ತದೆ. ದುಂಡಗಾದ ಹಲ್ಲು ಭಾರ ಬಿದ್ದಾಗ ಜಾರುತ್ತದೆ. ಈ ಮಿಷನ್ನಿನ ಗೇರು ಆಗಲೇ 'ಕಟಕ್' ಎನ್ನುತ್ತಿತ್ತು.

ಮೇಸ್ತ್ರಿಯ ಬಾಯಿ ಒರಟು, ಗಿರಾಕಿಯನ್ನು ನಾಲ್ಕು ಜನರ ಎದುರು ಬೈಯುವ ಚಾಳಿಯೂ ಇದೆ. ಆದರೆ ಸ್ಪ್ಯಾನರ್ ಮುಟ್ಟುವ ಮುಂಚೆ ಅವನು ಕೇಳಿದ ಪ್ರಶ್ನೆಗಳನ್ನು ಕೇಳುವವರು ಕಡಿಮೆ. ಒಮ್ಮೆಲೇ ಶುರುವಾದದ್ದೋ, ಬರಬರುತ್ತಾ ಹೆಚ್ಚಾದದ್ದೋ? ತಣ್ಣಗಿದ್ದಾಗ ನಿಲ್ಲುತ್ತದೋ, ಅರ್ಧ ಗಂಟೆ ಓಡಿದ ಮೇಲೋ? ನಿಲ್ಲುವ ಹೊತ್ತಿಗೆ, ಟ್ಯಾಂಕಿನಿಂದ ಇಂಧನ ತಳ್ಳುವ ಪೈಪಿನ ರಬ್ಬರ್ ಬಲ್ಬ್ ಅದುಮಿದರೆ ಬದುಕುತ್ತದೋ?

ಮೂರನೆಯದಕ್ಕೆ ಅಳಿಯನ ಬಳಿ ಉತ್ತರವಿತ್ತು. "ಅದುಮಿರೆ ಇನ್ನೂ ಬೇಗ ನಿಂತ್ ಹೋತ್ತ್."

ಅರ್ಧ ರೋಗ ಅಲ್ಲೇ ಗೊತ್ತಾಗಬೇಕಿತ್ತು. ಎಣ್ಣೆ (ಅಂದರೆ ಉರಿಯುವ ಪೆಟ್ರೋಲು, ಸೀಮೆಎಣ್ಣೆ) ಸಾಲದೆ ನಿಲ್ಲುವ ಮಿಷನ್ ಬಲ್ಬ್ ಅದುಮಿದರೆ ಚೇತರಿಸಿಕೊಳ್ಳುತ್ತದೆ. ಆಗ ಹುಡುಕಬೇಕಾದದ್ದು ಟ್ಯಾಂಕಿನ ಮುಚ್ಚಳದ ಗಾಳಿ ಸ್ಕ್ರೂ ಮುಚ್ಚಿದೆಯೇ, ಪೈಪಿನ ಕನೆಕ್ಟರಿನ ಓ-ರಿಂಗ್ ಗಾಳಿ ಎಳೆಯುತ್ತಿದೆಯೇ, ಫಿಲ್ಟರ್ ಕಟ್ಟಿದೆಯೇ ಎಂದು. ಅದುಮಿದಾಗ ಇನ್ನೂ ಬೇಗ ಸತ್ತರೆ ಎಣ್ಣೆ ಹೆಚ್ಚಾಗಿದೆ. ಇಷ್ಟನ್ನು ಕಣ್ಣಾರೆ ಕಂಡ ಮೇಲೂ ಅಳಿಯ, ಎಣ್ಣೆಗೆ ಗಾಳಿ ಬೆರೆಸಿ ಕೊಡುವ ಕಾರ್ಬೊರೇಟರ್ ಬಿಚ್ಚಿ ಸ್ಪ್ರೇ ಹೊಡೆದ, ಅದರ ಜೆಟ್ಟಿಗೆ (ಎಣ್ಣೆ ಹಾಯುವ ಸಣ್ಣ ತೂತಿನ ತುಂಡಿಗೆ) ತಂತಿ ತೂರಿಸಿದ, ಕೊನೆಗೆ ಅಗ್ಗದ ನಕಲಿ ಕಾರ್ಬೊರೇಟರನ್ನೇ ತರಿಸಿ ಕೂರಿಸಿದ. ಹುಡುಗ ಬುದ್ಧಿವಂತ. ಆದರೆ ಅವನು ನೋಡುವ ವಿಡಿಯೊಗಳಲ್ಲಿ ಕಾರ್ಬೊರೇಟರ್ ಬಿಟ್ಟು ಬೇರೆ ಭಾಗವೇ ಇರಲಿಕ್ಕಿಲ್ಲ.

ಹಾಗೆಂದು ಕಾರ್ಬೊರೇಟರನ್ನು ಅನುಮಾನಿಸಿದ್ದು ತಪ್ಪಲ್ಲ. ಸ್ಲೋದಲ್ಲಿ ನಿಲ್ಲುವ ಹಳೆಯ ಮಿಷನ್ನುಗಳಲ್ಲಿ ಬಹುಪಾಲಿಗೆ ಕಾರಣ ಅದೇ. ಜೋರಾಗಿ ಓಡುವಾಗ ಎಣ್ಣೆ ಕೊಡುವ ಮೇನ್ ಜೆಟ್ಟಿನ ತೂತು ದೊಡ್ಡದು, ಸ್ಲೋದಲ್ಲಿ ಎಣ್ಣೆ ಕೊಡುವ ಪೈಲಟ್ ಜೆಟ್ಟಿನದು ಕೂದಲೆಳೆಯಷ್ಟು. ಎರಡು ತಿಂಗಳು ಬೌಲಿನಲ್ಲಿ (ಕಾರ್ಬೊರೇಟರಿನ ತಳದ ಎಣ್ಣೆ ಬಟ್ಟಲಿನಲ್ಲಿ) ನಿಂತ ಪೆಟ್ರೋಲು ಒಣಗಿ ಬಿಡುವ ಅಂಟು ಮೊದಲು ಮುಚ್ಚುವುದು ಸಣ್ಣದನ್ನು. ಅದಕ್ಕೇ ಫುಲ್ ಸ್ಪೀಡ್ ಸರಿಯಿದ್ದು ಸ್ಲೋ ಮಾತ್ರ ಕೆಡುತ್ತದೆ. ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆತ ಪೆಟ್ರೋಲು. ಅದು ನೀರು ಹೀರುತ್ತದೆ, ಹಳೆಯ ಪೈಪಿನ ಒಳಗೋಡೆಯನ್ನು ಸಡಿಲಿಸಿ ಆ ಚೂರುಗಳನ್ನೂ ಜೆಟ್ಟಿಗೆ ತಂದು ಹಾಕಬಲ್ಲದು. ಜೆಟ್ ಬಿಚ್ಚಿ ಕ್ಲೀನರಿನಲ್ಲಿ ನೆನೆಸಿ, ಗಾಳದ ಸಣ್ಣ ನೈಲಾನ್ ದಾರ ತೂರಿಸಿ, ಗಾಳಿ ಹೊಡೆಯಬೇಕು. ಉಕ್ಕಿನ ತಂತಿ ಬೇಡ. ಹಿತ್ತಾಳೆ ಮೆತ್ತಗಿನ ಲೋಹ, ಒಂದು ಗೀರಿಗೆ ತೂತಿನ ಅಳತೆಯೇ ಬದಲಾಗುತ್ತದೆ. ಥ್ರಾಟಲ್ ಮುಚ್ಚಳದ ಅಂಚಿನ ಹತ್ತಿರವಿರುವ ಸಣ್ಣ ಬೈಪಾಸ್ ತೂತುಗಳನ್ನು ಎಲ್ಲರೂ ಮರೆಯುತ್ತಾರೆ. ಸ್ಲೋದಲ್ಲಿ ಎಣ್ಣೆ-ಗಾಳಿಯ ಬೆರಕೆ ಹೊಂದಿಸುವ ಪೈಲಟ್ ಸ್ಕ್ರೂ ಬಿಚ್ಚುವ ಮುಂಚೆ ಮೆಲ್ಲಗೆ ತಳ ಮುಟ್ಟುವವರೆಗೆ ಒಳಗೆ ತಿರುಗಿಸಿ, ಎಷ್ಟು ಸುತ್ತು ಎಂದು ಬರೆದಿಟ್ಟುಕೊಳ್ಳಬೇಕು. ಲೆಕ್ಕ ಕಳೆದುಹೋಗಿದ್ದರೆ ತಳದಿಂದ ಒಂದೂವರೆ ಸುತ್ತು ಹೊರಗೆ ಎಂಬಲ್ಲಿಂದ ಶುರು ಮಾಡಬಹುದು.

ಮೇಸ್ತ್ರಿ ಕಾರ್ಬೊರೇಟರ್ ಮುಟ್ಟಲಿಲ್ಲ. ನೀರು ತುಂಬಿದ ಡ್ರಮ್ಮಿಗೆ ಮಿಷನ್ ಇಳಿಸಿ (ಒಣಗಿದ್ದಾಗ ಓಡಿಸಿದರೆ ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ ಕೆಲವೇ ಸೆಕೆಂಡುಗಳಲ್ಲಿ ಸುಡುತ್ತದೆ), ನ್ಯೂಟ್ರಲ್‌ನಲ್ಲಿ ಸ್ವಲ್ಪ ಹೊತ್ತು ಓಡಿಸಿ, ನಿಲ್ಲಿಸಿದ. ಕೆಳಗಿನ ಸಿಲಿಂಡರಿಗೆ ಕಿಡಿ ಹೋಗದಂತೆ ಅದರ ಪ್ಲಗ್ ಕ್ಯಾಪ್ ತೆಗೆದು, ಇಂಜಿನ್ ಮೈಗೆ ಕಚ್ಚಿಸಿಟ್ಟ ಬೇರೊಂದು ಪ್ಲಗ್ಗಿಗೆ ಸಿಕ್ಕಿಸಿದ. ಸಿಡಿಐ ಇಗ್ನಿಷನ್ (ಎಲೆಕ್ಟ್ರಾನಿಕ್ ಕಿಡಿ ವ್ಯವಸ್ಥೆ) ಇರುವಲ್ಲಿ ಕ್ಯಾಪನ್ನು ಗಾಳಿಯಲ್ಲಿ ತೂಗಲು ಬಿಡಬಾರದು, ಕಾಯಿಲ್ ಹೋಗುತ್ತದೆ. ಮತ್ತೆ ಹಗ್ಗ ಎಳೆದ.

ಅದೇ ಸದ್ದು. ಒಂದು ಚೂರೂ ವ್ಯತ್ಯಾಸ ಇಲ್ಲ.

ಮೇಲಿನದನ್ನು ಹಾಗೆಯೇ ಮಾಡಿ ಎಳೆದ. ಸ್ಟಾರ್ಟೇ ಆಗಲಿಲ್ಲ.

ಯಜಮಾನರು ಒಂದು ಕ್ಷಣ ಸುಮ್ಮನಿದ್ದು ಕೇಳಿದರು: "ಹಂಗಾರೆ ಇಷ್ಟ್ ದಿನ ನಾವ್ ಅಳವಿ ದಾಟದ್ದ್ ಅರ್ಧ ಮಿಷಿನಂಗಾ?"

"ಹೌದ್. ಅದ್ಕೇ ಕೇಂಡದ್ದ್, ಐಡಲ್ ಜಾಸ್ತಿ ಮಾಡಿದ್ದ್ ಯಾರ್ ಅಂದೇಳಿ."

ಈ ಎರಡು ಮಾತು ಈ ವಾರವೆಲ್ಲ ಕಿವಿಯಲ್ಲೇ ಇವೆ. ಒಂದು ಸಿಲಿಂಡರ್ ಸತ್ತಿದ್ದರೂ ಇನ್ನೊಂದು ಅದನ್ನು ಎಳೆದುಕೊಂಡು ಓಡುವಂತೆ ಮಾಡಿದ್ದು ಆ ಸ್ಕ್ರೂ. ಅದನ್ನು ತಿರುಗಿಸದಿದ್ದರೆ ಮಿಷನ್ ದಕ್ಕೆಯಲ್ಲೇ ನಿಂತು, ಆವತ್ತೇ ಶೆಡ್ಡಿಗೆ ಬರುತ್ತಿತ್ತು. ದೋಣಿಯಲ್ಲಿ ನಾಲ್ಕು ಮನೆಯವರು ಇರುತ್ತಾರೆ. ಆ ಅಳಿಯನೂ ಅದರಲ್ಲೇ ಹೋಗುವವನು, ಹಾಗಾಗಿ ಅವನ ಮೇಲೆ ಸಿಟ್ಟು ಮಾಡುವುದೂ ಕಷ್ಟ.

ಮುಂದಿನದು ಬೇಗ ಮುಗಿಯಿತು. ಕೆಳಗಿನ ಪ್ಲಗ್ ಒದ್ದೆ, ಕಪ್ಪು, ಸೀಮೆಎಣ್ಣೆ ವಾಸನೆ. ಮೇಲಿನದು ಕಂದು, ಒಣಗಿದ್ದು. ಎರಡನ್ನೂ ಅದಲು ಬದಲು ಮಾಡಿದರೂ ಒದ್ದೆಯಾದದ್ದು ಕೆಳಗಿನದೇ, ಅಂದರೆ ತಪ್ಪು ಪ್ಲಗ್ಗಿನದಲ್ಲ. ಎರಡರ ಕಿಡಿಯೂ ನೀಲಿ, ಗಟ್ಟಿ. ಆಮೇಲೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಏಳುವ ಒತ್ತಡ: ಎರಡೂ ಪ್ಲಗ್ ಹೊರಗೆ, ಥ್ರಾಟಲ್ ಪೂರ್ತಿ ತೆರೆದು, ಗೇಜಿನ ಮುಳ್ಳು ಏರುವುದು ನಿಲ್ಲುವವರೆಗೆ ನಾಲ್ಕೈದು ಎಳೆತ. ಎರಡು ಸಿಲಿಂಡರಿನ ನಡುವೆ 10%ಗಿಂತ ಹೆಚ್ಚು ಅಂತರ ಇರಬಾರದು, ಇಲ್ಲಿ ಇರಲಿಲ್ಲ. ಪೆಟ್ರೋಲ್ ಮಾಡೆಲ್ಲಿನ ಅಂಕಿ ಹಿಡಿದು ಸೀಮೆಎಣ್ಣೆ ಮಿಷನ್ನನ್ನು ಅಳೆಯುವವರಿದ್ದಾರೆ. ಸೀಮೆಎಣ್ಣೆಯ ಆಕ್ಟೇನ್ ಕಡಿಮೆ, ತಾನಾಗಿ ಸಿಡಿದು ನಾಕ್ ಆಗದಿರಲೆಂದೇ ಕಂಪ್ರೆಷನ್ ತಗ್ಗಿಸಿರುತ್ತಾರೆ. ಕಡಿಮೆ ಬಂತೆಂದು ಸುಮ್ಮನೆ ರಿಂಗ್ ಹಾಕಿಸಬೇಡಿ.

ಉಳಿದದ್ದು ಫ್ಯೂಯಲ್ ಪಂಪ್. ಇದಕ್ಕೆ ಬೇರೆ ಮೋಟರ್ ಇಲ್ಲ. ಪಿಸ್ಟನ್ ಏರಿಳಿಯುವಾಗ ಅದರ ಹಿಂದಿನ ಗೂಡಾದ ಕ್ರಾಂಕ್‌ಕೇಸಿನಲ್ಲಿ ಹುಟ್ಟುವ ಒತ್ತಡ, ಸೆಳೆತಗಳು ಒಂದು ಸಣ್ಣ ತೂತಿನ ಮೂಲಕ ಬಂದು ರಬ್ಬರ್ ಪರದೆಯನ್ನು, ಅಂದರೆ ಡಯಾಫ್ರಮ್ಮನ್ನು ಅಲುಗಿಸುತ್ತವೆ. ಪರದೆಯ ಒಂದು ಬದಿ ಕ್ರಾಂಕ್‌ಕೇಸ್, ಇನ್ನೊಂದು ಬದಿ ಎಣ್ಣೆ. ಈ ಮಿಷನ್ನಿನಲ್ಲಿ ಆ ತೂತು ಕೆಳಗಿನ ಸಿಲಿಂಡರಿನ ಕಡೆಗಿತ್ತು. ಪರದೆಯಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೂ ಎಣ್ಣೆ ಕಾರ್ಬೊರೇಟರಿನ ದಾರಿ ಬಿಟ್ಟು ನೇರ ಕ್ರಾಂಕ್‌ಕೇಸಿಗೆ ಇಳಿಯುತ್ತದೆ. ಫುಲ್ ಸ್ಪೀಡಿನಲ್ಲಿ ಆ ನಾಲ್ಕು ಹನಿ ಲೆಕ್ಕಕ್ಕಿಲ್ಲ, ಉರಿದುಹೋಗುತ್ತದೆ. ಸ್ಲೋದಲ್ಲಿ ಬೇಕಾದದ್ದೇ ಕೆಲವು ಹನಿ, ಸಿಲಿಂಡರ್ ಮುಳುಗುತ್ತದೆ. ಪರೀಕ್ಷೆ ಸುಲಭ: ಪೈಪ್ ಇರುವಂತೆಯೇ ಪಂಪಿನ ಬೋಲ್ಟ್ ಬಿಚ್ಚಿ ಇಂಜಿನ್‌ನಿಂದ ಬೇರೆ ಮಾಡಿ, ಹಿಂಬದಿಯನ್ನು ಬಟ್ಟೆಯಲ್ಲಿ ಒರೆಸಿ, ಬಲ್ಬ್ ಅದುಮಿ. ಇಂಜಿನ್ನಿಗೆ ತಾಗುವ ಬದಿಯ ತೂತಿನಲ್ಲಿ ಎಣ್ಣೆ ಜಿನುಗಿದರೆ ಪರದೆ ಹೋಗಿದೆ. ಇಲ್ಲಿ ಜಿನುಗಿತು. ಬದಲಿಸಬೇಕಾದದ್ದು ಡಯಾಫ್ರಮ್, ಗ್ಯಾಸ್ಕೆಟ್, ಚೆಕ್ ವಾಲ್ವ್ ಇರುವ ಒಂದು ಕಿಟ್. ಹೊಸ ಕಾರ್ಬೊರೇಟರಿಗೆ ಸುರಿದ ದುಡ್ಡಿನ ಮುಂದೆ ಅದು ಏನೂ ಅಲ್ಲ.

ಇನ್ನೊಂದು ಸಿಕ್ಕಿತು. ಇಂಜಿನ್ ತೀರ ತಣ್ಣಗಾಗದಂತೆ ತಂಪು ನೀರನ್ನು ತಡೆಯುವ ಥರ್ಮೋಸ್ಟಾಟಿನ ಮುಚ್ಚಳ ಬಿಚ್ಚಿದರೆ ಒಳಗೆ ಖಾಲಿ. ಮಳೆಗಾಲದ ಕೆಸರು ನೀರಿಗೆ ಕಟ್ಟಿ ಮಿಷನ್ ಬಿಸಿಯಾಗುತ್ತದೆಂದು ಹೆದರಿ ಕಿತ್ತು ಬಿಸಾಡುವುದು ನಮ್ಮ ಕಡೆ ಮಾಮೂಲು. ಪೆಟ್ರೋಲ್ ಮಿಷನ್ನು ಹೇಗೋ ತಾಳಿಕೊಂಡೀತು. ಸೀಮೆಎಣ್ಣೆ ಆವಿಯಾಗಲು ಬಿಸಿ ಬೇಕು. ತಣ್ಣನೆಯ ಇಂಜಿನಿನಲ್ಲಿ ಅದು ಹನಿಯಾಗಿಯೇ ಉಳಿದು ಪ್ಲಗ್ ತೋಯಿಸುತ್ತದೆ, ಅದೂ ಸ್ಲೋದಲ್ಲೇ ಹೆಚ್ಚು. ಹಳೆಯ ಥರ್ಮೋಸ್ಟಾಟ್ ಕೈಯಲ್ಲಿದ್ದರೆ ದಾರ ಕಟ್ಟಿ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಕಾಯಿಸಿ. ಮೇಲೆ ಅಚ್ಚಾದ ಡಿಗ್ರಿಯ ಆಸುಪಾಸಿನಲ್ಲಿ ಬಾಯಿ ತೆರೆದರೆ ಅದು ಜೀವಂತ. ಅಳಿವೆಗೆ ಬರುವ ಐದು ನಿಮಿಷ ಮುಂಚೆಯೇ ಪೆಟ್ರೋಲಿಗೆ ತಿರುಗಿಸುವ ತಂಡೇಲರು (ದೋಣಿ ನಡೆಸುವವರು) ಜಾಣರು. ಬೌಲಿನಲ್ಲಿರುವ ಸೀಮೆಎಣ್ಣೆ ಖಾಲಿಯಾಗಲು ಹೊತ್ತು ಬೇಕು. ದಡದಲ್ಲಿ ನಿಲ್ಲಿಸುವಾಗ ಬೌಲಿನಲ್ಲಿ ಪೆಟ್ರೋಲೇ ಇದ್ದರೆ ಮರುದಿನ ಬೆಳಗ್ಗೆ ಹಗ್ಗ ಎಳೆಯುವವನ ತೋಳಿಗೂ ಒಳ್ಳೆಯದು.

ಇದೇ ಕಾಯಿಲೆಗೆ ಬೇರೆ ಕಾರಣಗಳೂ ಇವೆ. ಸ್ಲೋದಲ್ಲಿ ಕಾರ್ಬೊರೇಟರಿನ ಬಾಯಿಂದ ಎಣ್ಣೆ ಉಗುಳಿದರೆ ಒಂದೇ ದಿಕ್ಕಿಗೆ ಒಳಬಿಡುವ ರೀಡ್ ವಾಲ್ವಿನ ಎಸಳು ಮುರಿದಿದೆ ಅಥವಾ ಕೂರುತ್ತಿಲ್ಲ. ಕವರ್ ಹಾಕಿದರೆ ನಿಂತು, ತೆಗೆದರೆ ಚೆನ್ನಾಗಿ ಓಡಿದರೆ ಹೊಗೆ ಒಳಗೇ ಸೋರುತ್ತಿದೆ, ಎಕ್ಸಾಸ್ಟ್ ಗ್ಯಾಸ್ಕೆಟ್ ನೋಡಬೇಕು. ಟೂ ಸ್ಟ್ರೋಕ್ ಬೈಕಿಗೆ ಹಾಕುವ ಆಯಿಲ್ ಬೇಡ. ನೀರಿನಿಂದ ತಂಪಾಗುವ ಮಿಷನ್ನಿಗೆ ಬೇಕಾದದ್ದು ಬೂದಿ ಬಿಡದ ಟಿಸಿ-ಡಬ್ಲ್ಯು3 ದರ್ಜೆಯ ಆಯಿಲ್. ಪೆಟ್ರೋಲಿಗೆ 50:1 ಎಂದರೆ ಲೀಟರಿಗೆ 20 ಮಿ.ಲೀ. ಸೀಮೆಎಣ್ಣೆಗೆ ಕೈಪಿಡಿಯಲ್ಲಿ ಇದಕ್ಕಿಂತ ಹೆಚ್ಚು ಹೇಳಿರಬಹುದು, ಅದನ್ನೇ ನಂಬಿ.

ಕಿಟ್ ಹಾಕಿ, ಹಳೆಯ ಕಾರ್ಬೊರೇಟರನ್ನೇ ತೊಳೆದು ಕೂರಿಸಿ, ಐಡಲ್ ಸ್ಕ್ರೂ ಪೂರ್ತಿ ಹಿಂದಕ್ಕೆ ತಂದು, ಕೊನೆಯ ಹೊಂದಿಕೆಯನ್ನು ಹೊಳೆಯಲ್ಲೇ ಮಾಡಿದರು. ಡ್ರಮ್ಮಿನಲ್ಲಿ ಪ್ರೊಪೆಲ್ಲರಿಗೆ ಸರಿಯಾದ ಭಾರ ಬೀಳುವುದಿಲ್ಲ. ದೋಣಿಗೆ ಕಟ್ಟಿ, ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ, ಗೇರಿನಲ್ಲಿಟ್ಟು, ಪೈಲಟ್ ಸ್ಕ್ರೂವನ್ನು ಒಂದು ಸುತ್ತಿನ ಎಂಟನೇ ಒಂದು ಭಾಗದಷ್ಟೇ ಒಳಗೆ ತಿರುಗಿಸುತ್ತಾ, ಪ್ರತಿ ಸಲ ಹದಿನೈದು ಸೆಕೆಂಡು ಕಾಯಬೇಕು. ಎಣ್ಣೆ ಕಡಿಮೆಯಾದಾಗ ಇಂಜಿನ್ ಸೀನುತ್ತದೆ. ಹೊರಗೆ ತಿರುಗಿಸುತ್ತಾ ಹೋದರೆ ಎಣ್ಣೆ ಹೆಚ್ಚಾಗಿ ಸದ್ದು ಭಾರವಾಗುತ್ತದೆ. ಎರಡರ ನಡುವೆ, ಕೊಂಚ ಎಣ್ಣೆ ಹೆಚ್ಚಿರುವ ಕಡೆ ನಿಲ್ಲಿಸುವುದು. ಸ್ಕ್ರೂ ಥ್ರಾಟಲ್ ಮುಚ್ಚಳಕ್ಕಿಂತ ಇಂಜಿನ್ ಕಡೆಗಿದ್ದರೆ ಈ ಲೆಕ್ಕ. ಗಾಳಿ ಎಳೆಯುವ ಬಾಯಿಯ ಕಡೆಗಿದ್ದರೆ ಅದು ಗಾಳಿಯ ಸ್ಕ್ರೂ, ಎಲ್ಲವೂ ತಿರುಗುಮುರುಗು.

ಸ್ಲೋದಲ್ಲಿ ಎರಡೂ ಸಿಲಿಂಡರ್ ಹೊಡೆಯತೊಡಗಿದವು. ಯಜಮಾನರ ಮುಖ ಅರಳಿತು, ಮೇಸ್ತ್ರಿಯದ್ದು ಇಲ್ಲ. ಗೇರ್ ಆಯಿಲ್ ಇಳಿಸಿದಾಗ ಡ್ರೈನ್ ಸ್ಕ್ರೂವಿನ ಅಯಸ್ಕಾಂತಕ್ಕೆ ಹೊಳೆಯುವ ಚೂರುಗಳು ಅಂಟಿದ್ದವು. ನುಣ್ಣನೆಯ ಕಪ್ಪು ಪೇಸ್ಟಾದರೆ ಸಹಜ ಸವೆತ. ಕೈಗೆ ಚುಚ್ಚುವ ಚೂರು ಎಂದರೆ ಹಲ್ಲಿನದು. ಕೆಳಗಿನ ಕೇಸ್ ಬಿಚ್ಚಬೇಕೆಂದು ಅವನ ಹಟ, ಸೀಸನ್ ಮುಗಿಯಲಿ ಎಂದು ಯಜಮಾನರ ಹಟ. ಮೀನು ಸಿಗುವ ವಾರದಲ್ಲಿ ಮಿಷನ್ ಶೆಡ್ಡಿನಲ್ಲಿ ಬಿಡುವುದು ಎಷ್ಟು ಕಷ್ಟವೆಂದು ಗೊತ್ತಿದ್ದೂ ನಾನು ಮೇಸ್ತ್ರಿಯ ಪಕ್ಷ. ತೆರೆಯ ಬೆನ್ನಿನಲ್ಲಿ ಹಲ್ಲು ಜಾರಿದರೆ ಇಂಜಿನ್ ಎಷ್ಟು ಚೆನ್ನಾಗಿ ಓಡುತ್ತಿದ್ದರೂ ಪ್ರೊಪೆಲ್ಲರ್ ತಿರುಗುವುದಿಲ್ಲ.